ಒಬ್ಬರಿಗೇ ಹೊಂದುವ ಬಂದೂಕು

ಗುರುಲಿಂಗಪ್ಪನವರು ಬಂದೂಕನ್ನು ಮೊದಲು ಕಿವಿಯಿಂದ ನೋಡುತ್ತಿದ್ದರು. ಜೋಡುನಳಿಗೆಯನ್ನು ಕಟ್ಟಿಗೆಯ ಭಾಗದಿಂದ ಬಿಡಿಸಿ, ಅದರ ಅಡಿಯ ಕೊಂಡಿಗೆ ಸುತಳಿ ಕಟ್ಟಿ, ಸುತಳಿಯನ್ನು ಎಡಗೈ ಬೆರಳಿಗೆ ನೇತುಹಾಕಿಕೊಂಡು, ಬಲಗೈ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದರು. ಒಳ್ಳೆಯ ನಳಿಗೆಯಾದರೆ ಗುಡಿಯ ಗಂಟೆಯಂತೆ ನಾದ ಹೊರಟು ನಿಧಾನವಾಗಿ ಸಣ್ಣದಾಗುತ್ತಿತ್ತು. ಬೆಸುಗೆ ಬಿಟ್ಟಿದ್ದರೆ ಬಿರುಕುಬಿಟ್ಟ ಪಾತ್ರೆಯ ಸದ್ದು. ಅದು ಪೂರ್ತಿ ಆರುವ ತನಕ ಅವರು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಅಂಗಡಿಯಲ್ಲಿ ಯಾರೂ ಮಾತನಾಡುವಂತಿರಲಿಲ್ಲ, ಅಂಗಡಿಯ ಮಾಲೀಕರಾದ ಸಾಹೇಬರೂ ಸೇರಿ.

ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಈ ಚಿತ್ರ. ಆದರೆ ಮೊದಲ ಭೇಟಿಯಲ್ಲೇ ಇದನ್ನು ಕಂಡೆನೇ ಎಂದರೆ ಹೇಳಲಾರೆ. ಆ ದಿನದ ಡೈರಿಯಲ್ಲಿ ಇರುವುದು ಇಷ್ಟೇ: "ಅಪ್ಪನ ಜೊತೆ ಬಂದೂಕಿನ ಅಂಗಡಿ. ಕನ್ನಡದವರೊಬ್ಬರು ಸಿಕ್ಕರು. ಬಿಸಿಲು." ಉಳಿದದ್ದೆಲ್ಲ ಆಮೇಲೆ ನಾನು ತುಂಬಿಕೊಂಡದ್ದು ಇರಬಹುದು.

ಬಂದೂಕಿನ ಅಂಗಡಿಗೆ ಹೋಗಬೇಕಾದ ಕಾರಣ ಮಾತ್ರ ಚೆನ್ನಾಗಿ ನೆನಪಿದೆ. ಅಪ್ಪನ ಲೈಸೆನ್ಸಿನಲ್ಲಿ ಮೂರು ಬಂದೂಕುಗಳಿದ್ದವು. ಇನ್ನು ಮುಂದೆ ಒಬ್ಬರ ಬಳಿ ಎರಡೇ ಇರಬೇಕು, ಹೆಚ್ಚಿನದನ್ನು ಗಡುವಿನೊಳಗೆ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು ಎಂದು ಕಾನೂನು ಬಂತು. ಒಪ್ಪಿಸಿದ್ದು ಮತ್ತೆ ಮನೆಗೆ ಬರುವುದಿಲ್ಲ.

ಮೂರರಲ್ಲಿ ಒಂದು, ಅಪ್ಪ ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ಕಾಲುವೆ ಕ್ಯಾಂಪುಗಳಲ್ಲಿದ್ದಾಗ ತಾವೇ ಕೊಂಡ ದೇಶಿ ಬಂದೂಕು. ಇನ್ನೆರಡು ಅಜ್ಜನವು, ಎರಡೂ ಹಳೆಯ ವಿಲಾಯತಿ ಜೋಡುನಳಿಗೆಗಳು. ಒಂದನ್ನು ನಾವು ಜಿಂಕೆ ಬಂದೂಕು ಎನ್ನುತ್ತಿದ್ದೆವು. ಅದರ ಲೋಹದ ಮೈತುಂಬ ಓಡುವ ಜಿಂಕೆ, ಬೆನ್ನಟ್ಟುವ ನಾಯಿ, ಬಳ್ಳಿ, ಎಲೆ. ನಳಿಗೆಯ ಮೇಲೆ ನೀರಿನ ಸುಳಿಯಂಥ ಗೆರೆಗಳು. ಬೀದರಿನ ಕಡೆ ಅಜ್ಜ ತಹಸೀಲು ಕಚೇರಿಯಲ್ಲಿ ಪೇಶಕಾರರಾಗಿದ್ದಾಗ, ಮಾಂಜ್ರಾ ನದಿಗೆ ನೆರೆ ಬಂದ ಒಂದು ದಿನ ಜಾಗೀರದಾರರೊಬ್ಬರ ಕಾಯಿಲೆಯ ಮಗುವನ್ನು ದೋಣಿಯಲ್ಲಿ ದಾಟಿಸಿದರಂತೆ. ಅದಕ್ಕೆ ಜಾಗೀರದಾರರು ಒಂದು ಬಂದೂಕು ಕೊಟ್ಟರಂತೆ. ನಾರಾಯಣಗೂಡದ ನಮ್ಮ ಮನೆಗೆ ಬಂದ ಪ್ರತಿ ನೆಂಟರಿಗೂ ಅಪ್ಪ ಈ ಕಥೆ ಹೇಳಿ, ಕಪಾಟು ತೆಗೆದು ಜಿಂಕೆ ಬಂದೂಕು ತೋರಿಸುತ್ತಿದ್ದರು.

ಇನ್ನೊಂದು ಕರಿ ಬಂದೂಕು. ಚಿತ್ರವಿಲ್ಲ, ಅಂಚಿಗೆ ಕೂದಲೆಳೆಯಂಥ ಒಂದು ಗೆರೆ, ಅಷ್ಟೇ. ಅಜ್ಜ ಎಲ್ಲಿಂದಲೋ ತಂದದ್ದು ಎಂದು ಅಪ್ಪ ಹೇಳುತ್ತಿದ್ದರು. ಚುನಾವಣೆ ಬಂದಾಗಲೆಲ್ಲ ಮೂರನ್ನೂ ಠಾಣೆಯಲ್ಲಿ ಜಮಾ ಮಾಡಿ ತರಬೇಕಿತ್ತು. ಮರಳಿದ ದಿನ ಜಿಂಕೆ ಬಂದೂಕಿನ ಚೀಟಿಯನ್ನು ಅಪ್ಪ ಕತ್ತರಿಯಿಂದ ಜೋಪಾನವಾಗಿ ತೆಗೆಯುತ್ತಿದ್ದರು. ಕರಿ ಬಂದೂಕಿಗೆ ಮುಂದಿನ ಚುನಾವಣೆಯ ತನಕ ಠಾಣೆಯ ಚೀಟಿ ಹಾಗೇ ನೇತಾಡುತ್ತಿತ್ತು. ಅಜ್ಜ ಬೇಟೆಗೆ ಒಯ್ಯುತ್ತಿದ್ದದ್ದು ಇದನ್ನೇ. ಗುರಿ ಮಾತ್ರ ಹಿಡಿಯುತ್ತಿರಲಿಲ್ಲವಂತೆ. ಅಪ್ಪ ನಗುತ್ತ, "ನಮ್ಮಪ್ಪ ಕೌಜುಗಕ್ಕ ಹೊಡದ್ರ ಎಡಗಡಿ ಗಿಡದ ಹುಣಸೀಕಾಯಿ ಬೀಳ್ತಿತ್ತು" ಎನ್ನುತ್ತಿದ್ದರು.

ಹೀಗಾಗಿ ಯಾವುದನ್ನು ಕೊಡಬೇಕು ಎಂಬ ಪ್ರಶ್ನೆಯೇ ನಮಗಿರಲಿಲ್ಲ. ಕರಿಯದನ್ನು ಕೊಡುವುದು. ಅದಕ್ಕೆ ಅಂಗಡಿಯವರು ಏನು ಬೆಲೆ ಹೇಳುತ್ತಾರೋ ನೋಡೋಣ ಎಂದು ಹೋಗಿದ್ದೆವು. ಎರಡೂ ಅಜ್ಜನವೇ ಎಂಬ ನೆಪದಲ್ಲಿ ಜಿಂಕೆಯದನ್ನೂ ಒಯ್ದಿದ್ದೆವು. ತೋರಿಸುವ ಆಸೆ ಅಪ್ಪನಿಗೆ.

ಅಂಗಡಿಯ ಹಿಂಬದಿಯ ಮೇಜಿನ ಬಳಿ ಗಿಡ್ಡನೆಯ ಒಬ್ಬರು ಕೂತಿದ್ದರು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಮೈಮೇಲೆ ಯಾವುದೋ ಕಾರ್ಖಾನೆಯ ಹಳೆಯ ಬೂದು ಏಪ್ರನ್, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಸಾಹೇಬರೊಂದಿಗೆ ಹಿಂದಿ, ಚಹಾದವನೊಂದಿಗೆ ತೆಲುಗು. ಅಷ್ಟರಲ್ಲಿ ಕೈಯಿಂದ ಒಂದು ಸಣ್ಣ ಸ್ಕ್ರೂ ಜಾರಿ ಬಿತ್ತು. "ಇದ್ರೌನ, ಎಲ್ಲಿ ಹೋತು!" ಎಂದರು. ಈ ತೆಲುಗು ಸೀಮೆಯಲ್ಲಿ ಕನ್ನಡ ಕೇಳಿ ಅಪ್ಪನ ಮುಖ ಅರಳಿತು.

"ಯಾವೂರು ರೀ ನಿಮ್ದು?"

ಅವರು ಮೇಜಿನಡಿಯಿಂದಲೇ, "ಬೈದದ್ದು ಕೇಳಿಸ್ತೇನ್ರಿ? ಇಂಡಿ ತಾಲ್ಲೂಕು. ಹುಡುಕಾಕ ಬರ್ರಿ, ಊರು ಆಮ್ಯಾಲ ಕೇಳೀರಂತ" ಎಂದರು.

ನಾವು ಮೂವರೂ ನೆಲದ ಮೇಲೆ ಕೂತು ಸ್ಕ್ರೂ ಹುಡುಕಿದೆವು. ಪರಿಚಯವಾದದ್ದು ಹಾಗೆ.

ಅವರು ಬಾಲಾನಗರದ ಒಂದು ದೊಡ್ಡ ಕಾರ್ಖಾನೆಯಲ್ಲಿ ನೌಕರಿಯುದ್ದಕ್ಕೂ ತಯಾರಾದ ಬಿಡಿಭಾಗಗಳನ್ನು ಅಳೆದು, ಪಾಸು ಫೇಲು ಹೇಳುವ ಕೆಲಸ ಮಾಡಿದವರು. ನಿವೃತ್ತರಾದ ಮೇಲೆ ಸಾಹೇಬರು ಕರೆದು ಕೂರಿಸಿದ್ದರು. ಹಳೆಯ ಬಂದೂಕು ಬಂದರೆ ಅದು ಯಾವ ದರ್ಜೆಯದು ಎಂದು ಹೇಳುವುದು ಅವರ ಕೆಲಸ. ಆದರೆ ಗುರುಲಿಂಗಪ್ಪನವರು ಒಮ್ಮೆಯೂ ಬಂದೂಕು ಹಾರಿಸಿದವರಲ್ಲ. ದೀಪಾವಳಿಯ ಪಟಾಕಿಗೂ ಕಿವಿಯಲ್ಲಿ ಅರಳೆ ಇಟ್ಟುಕೊಳ್ಳುತ್ತಿದ್ದರು. ಕೇಳಿದರೆ, "ನಾ ಬಂದೂಕು ನೋಡೂದಿಲ್ಲ ತಂಗಿ, ಕೈಗೆಲಸ ನೋಡ್ತೀನಿ. ಆ ಸಪ್ಪಳ ಯಾರಿಗೆ ಬೇಕಾಗೇತಿ!" ಎನ್ನುತ್ತಿದ್ದರು.

ಅವರ ನಂಬಿಕೆ ಒಂದೇ. ಮಾಡಿದವನು ಯಾರೂ ನೋಡುವುದಿಲ್ಲ ಎಂದುಕೊಂಡ ಜಾಗವನ್ನು ನೋಡಬೇಕು. ಬಂದೂಕಿನ ಮೇಲೆ ಕೊರೆದ ಕಂಪನಿಯ ಹೆಸರನ್ನು ಕಡೆಯಲ್ಲಿ ಓದುತ್ತಿದ್ದರು. "ಹೆಸರು ಯಾವಾವ ಬೇಕಾದ್ರೂ ಕೊರೀತಾನ. ಒಳಗಿಂದು ಉಜ್ಜಾಕ ಯಾವಾವ ಕುಂದರ್ತಾನ?" ಇದು ಬಂದೂಕಿಗಷ್ಟೇ ಅಲ್ಲ. ನಮ್ಮ ಮನೆಗೆ ಬಂದಾಗ ಅವ್ವನ ಇಳಕಲ್ ಸೀರೆಯ ಸೆರಗನ್ನು ಕೇಳಿಯೇ ತಿರುವಿ ನೋಡಿದರು. ಜೋಳದ ರೊಟ್ಟಿಯ ನಡುವನ್ನು ಬಿಟ್ಟು ಅಂಚು ಮುರಿದು ನೋಡಿ, "ಪಾಸ್" ಎಂದರು. ಅವ್ವ, "ಫೇಲ್ ಆಗಿದ್ರ ಉಪವಾಸ ಹೋಗ್ತಿದ್ರೇನು?" ಎಂದಳು. ನನ್ನ ಪಿಎಚ್‌ಡಿ ಪ್ರಬಂಧವನ್ನು ಕೈಗಿತ್ತರೆ ಅವರು ಓದಿದ್ದು ಬರಿಯ ಅಡಿಟಿಪ್ಪಣಿಗಳನ್ನು. ಓದಿ, "ಇಲ್ಲಿ ನಾಕು ಕಡೆ 'ಅದೇ, ಅದೇ' ಅಂತ ಹಾಕೀರಿ. ದಣಿವಾಗಿತ್ತೇನು?" ಎಂದು ಕೇಳಿದರು. ಆಗಿತ್ತು.

ಆ ದಿನ ಅವರು ಎರಡೂ ಬಂದೂಕುಗಳನ್ನು ಬಿಚ್ಚಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಮೊದಲು ಜಿಂಕೆಯದು. ತಟ್ಟಿದರು, ಕೇಳಿದರು. ನಳಿಗೆಯನ್ನು ಬೋರಲು ಹಾಕಿ, ಸದಾ ಕಟ್ಟಿಗೆಯಡಿ ಮುಚ್ಚಿರುವ ಭಾಗವನ್ನು ನನ್ನ ಮುಂದೆ ಹಿಡಿದರು.

"ಸುಳಿ ಎಲ್ಲಿ ಅದಾವ, ತೋರಸ್ರಿ."

ಅಲ್ಲಿ ಸುಳಿಗಳಿರಲಿಲ್ಲ. ಬೋಳು ಕಬ್ಬಿಣ.

ಅವರು ವಿವರಿಸಿದರು. ಹಿಂದಿನ ಒಳ್ಳೆಯ ನಳಿಗೆಗಳನ್ನು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಜಡೆಯಂತೆ ಹೊಸೆದು, ಕಾಸಿ, ಬಡಿದು ಮಾಡುತ್ತಿದ್ದರು. ಸುಳಿ ಆ ಹೆಣಿಗೆಯದು, ಆದ್ದರಿಂದ ಎಲ್ಲಿ ನೋಡಿದರೂ ಇರಬೇಕು. ಇದರಲ್ಲಿ ಸಾದಾ ನಳಿಗೆಯ ಮೇಲೆ ಆಮ್ಲದಿಂದ ಗೆರೆ ಬರೆದಿದ್ದರು. ಎಡಬಲದ ನಾಯಿಗಳೂ ಒಂದೇ ಅಚ್ಚಿನವು, ಎರಡಕ್ಕೂ ಒಂದೇ ಕಡೆ ಕಿವಿ ಮುರಿದಿತ್ತು. ಸ್ಕ್ರೂಗಳ ತಲೆಯ ಕಚ್ಚುಗಳು ಒಂದು ಪೂರ್ವಕ್ಕೆ, ಒಂದು ಈಶಾನ್ಯಕ್ಕೆ.

"ಬಜಾರದ ಮಾಲ್ ರೀ," ಎಂದರು. "ಛಂದ ಐತಿ. ಬಜಾರದ ಮಾಲು ಛಂದ ಇರಬಾರದು ಅಂತ ಏನಿಲ್ಲ."

ಅಪ್ಪನ ಮುಖ ಕೆಂಪಾಯಿತು. "ಜಾಗೀರದಾರ್ರು ಕೊಟ್ಟದ್ದು ಅದ ಇದು!"

"ಇರ್ಲಿ ಬಿಡ್ರಿ. ಕೊಟ್ಟಾವ ದೊಡ್ಡಾವ ಇದ್ದಾನು."

ಆಮೇಲೆ ಕರಿ ಬಂದೂಕು. ಸುತಳಿಗೆ ಕಟ್ಟಿ ತಟ್ಟಿದರು. ಆ ನಾದವನ್ನು ನಾನು ಈಗಲೂ ಕೇಳಬಲ್ಲೆ, ಅಥವಾ ಕೇಳಬಲ್ಲೆ ಎಂದುಕೊಂಡಿದ್ದೇನೆ. ಗುರುಲಿಂಗಪ್ಪನವರ ಕಣ್ಣು ಬಹಳ ಹೊತ್ತು ಮುಚ್ಚಿಯೇ ಇತ್ತು. ಬಳಿಕ ಭೂತಗನ್ನಡಿ ನನಗೆ ಕೊಟ್ಟರು. ಕಪ್ಪಾಗಿ ಮಾಸಿದ ಕಂದು ಬಣ್ಣದಡಿ ಸಾಸಿವೆಯಷ್ಟು ಸಣ್ಣ ಸುಳಿಗಳು, ಸಾಲು ಸಾಲಾಗಿ, ಮುಚ್ಚಿದ ಭಾಗದಲ್ಲೂ. ಸ್ಕ್ರೂಗಳ ಕಚ್ಚುಗಳೆಲ್ಲ ನಳಿಗೆಯ ಉದ್ದಕ್ಕೆ ಒಂದೇ ನೇರ. ಒಳಗೆ ತೋಟಾಕ್ಕೆ ಬಡಿಯುವ ಸುತ್ತಿಗೆ, ಅಂದರೆ ಕುದುರೆಯ ಹಿಂಬದಿ, ಯಾವ ಮನುಷ್ಯನೂ ನೋಡಲು ಕಾರಣವಿಲ್ಲದ ಜಾಗ, ಕನ್ನಡಿಯಂತೆ ಹೊಳೆಯುತ್ತಿತ್ತು.

"ಕಚ್ಚು ಒಂದ ಸಾಲಿಗೆ ನಿಲ್ಲಬೇಕಂದ್ರ ಒಂದೊಂದು ಸ್ಕ್ರೂನೂ ಅದರ ತೂತಿಗೇ ಅಂತ ಮಾಡಬೇಕ್ರಿ. ಮುಂದ ಒಂದು ಓರೆ ಕಂಡ್ತು ಅಂದ್ರ, ಆಮ್ಯಾಲ ಯಾರೋ ಕೈ ಹಾಕ್ಯಾರ ಅಂತ ತಿಳೀರಿ. ಇದಕ್ಕ ಯಾರೂ ಕೈ ಹಾಕಿಲ್ಲ. ಇದು ಅವ್ವಲ್ ದರ್ಜಾ, ಮೊದಲನೇ ನಂಬರಿಂದು."

ಆದರೆ ಎಡ ನಳಿಗೆಯ ಬುಡದಲ್ಲಿ ಒಂದು ಬೆರಳ ತುದಿಯಷ್ಟು ಜಾಗ ತುಕ್ಕು ತಿಂದು ಗುಳಿ ಬಿದ್ದಿತ್ತು. ಗುರುಲಿಂಗಪ್ಪನವರು ತಮ್ಮ ಉಂಗುರ ಬೆರಳನ್ನು ಆ ಗುಳಿಯ ಮೇಲಿಟ್ಟರು. ಸರಿಯಾಗಿ ಕೂತಿತು.

"ಮನ್ಯಾಗ ಖಂಡೇಪೂಜಿ ಮಾಡ್ತೀರಿ?"

ಮಾಡುತ್ತಿದ್ದೆವು. ಪ್ರತಿ ದಸರೆಗೆ ಬಂದೂಕುಗಳನ್ನು ಒರೆಸಿ, ಮಣೆಯ ಮೇಲಿಟ್ಟು, ನೀರಲ್ಲಿ ಕಲಸಿದ ಅರಿಸಿನ ಕುಂಕುಮ ಹಚ್ಚುತ್ತಿದ್ದೆವು. ಹಚ್ಚಿದ್ದನ್ನು ಒರೆಸಬಾರದು, ತಾನಾಗಿ ಉದುರಬೇಕು ಎಂಬುದು ನಮ್ಮ ಮನೆಯ ಪದ್ಧತಿ.

"ದೇವರು ಮಾಡಿ ಕೊಂದೀರಿ ಇದನ್ನ. ಇನ್ನ ಇದನ್ನ ಹೊಡೀಬ್ಯಾಡ್ರಿ, ಒಡದೀತು." ನಂತರ ಅಪ್ಪನ ಕಡೆ ತಿರುಗಿ, "ಆದ್ರ ನೋಡ್ರಿ, ಜಿಂಕೀದಕ್ಕ ಒಂದು ಕಲೆ ಇಲ್ಲ. ಕುಂಕುಮ ಎಲ್ಲಾ ಇದಕ್ಕ. ಅಂದ ಮ್ಯಾಲ ಇವೆರಡರಾಗ ದೊಡ್ಡದು ಯಾವುದು ಅಂತ ನಿಮ್ಮ ಹಿರ್ಯಾರಿಗೆ ಗೊತ್ತಿತ್ತು. ಜಾಗೀರದಾರ್ರು ಕೊಟ್ಟದ್ದು ಇದ. ಕೊಡಾಕ ತಂದಿದ್ದನ್ನ ಒಯ್ರಿ, ಒಯ್ಯಾಕ ತಂದಿದ್ದನ್ನ ಕೊಡ್ರಿ" ಎಂದರು.

ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಹಳೆಯ ಬಂದೂಕುಗಳನ್ನು ಸಂಗ್ರಹಿಸುವ ಒಬ್ಬ ಗಿರಾಕಿ ಅವರಿಗಿದ್ದನೆಂದೂ, ಕರಿ ಬಂದೂಕನ್ನು ಗುರುಲಿಂಗಪ್ಪನವರು ಸುಮ್ಮನೆ ತೆಗೆದಿಟ್ಟುಕೊಂಡಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತೆಂದೂ ನಮಗೆ ತಿಳಿದದ್ದು ಬಹಳ ತಡವಾಗಿ.

ಅಪ್ಪ ಒಪ್ಪಲಿಲ್ಲ. ಒಪ್ಪಿಸುವ ಕಾಗದ ಗಡುವಿನ ಹೊತ್ತಿಗೆ ಮಾಡಿದರಾಯಿತೆಂದು ಕರಿ ಬಂದೂಕನ್ನು ಅಂಗಡಿಯಲ್ಲಿಯೇ ಬರಿಯ ರಸೀದಿಗೆ ಬಿಟ್ಟು, ಜಿಂಕೆಯದನ್ನು ಎತ್ತಿಕೊಂಡು ಹೊರಟರು. ಆಟೋದಲ್ಲಿ ಒಂದೇ ಮಾತು: "ಬೋಲ್ಟು ನಟ್ಟು ನೋಡಾಂವಗ ಜಾಗೀರದಾರ್ರ ಸುದ್ದಿ ಏನ್ ಗೊತ್ತು?"

ನನಗೆ ಮಾತ್ರ ಗುರುಲಿಂಗಪ್ಪನವರ ತರ್ಕ ಹಿಡಿಸಿತ್ತು. ವಿಚಿತ್ರವೆಂದರೆ, ಅಜ್ಜಿ ಜಿಂಕೆ ಬಂದೂಕಿಗೆ ಕುಂಕುಮ ಹಚ್ಚುವುದು ನನಗೆ ಸ್ಪಷ್ಟವಾಗಿ ನೆನಪಿತ್ತು. ಜಿಂಕೆಯ ಕೊಂಬಿನ ಮೇಲೆ ಕೆಂಪು ಬೊಟ್ಟು. ಆದರೆ ಗುಳಿ ಇದ್ದದ್ದು ಕರಿಯದರ ಮೇಲೆ. ಹಾಗಾದರೆ ನನ್ನ ನೆನಪು ಬಜಾರದ ಮಾಲೇ? ಮನೆಗೆ ಹೋದವಳೇ ಅವ್ವನನ್ನು ಕೇಳಿದೆ. ಅವ್ವ ಮೆಂತ್ಯ ಸೊಪ್ಪು ಸೋಸುತ್ತಿದ್ದಳು.

"ಹಚ್ಚಾಕಿ ನಾ. ನನ್ನ ಬಿಟ್ಟು ಊರೆಲ್ಲಾ ಕೇಳ್ರಿ," ಎಂದಳು. "ಜಿಂಕೀದಕ್ಕ ಹಚ್ಚಿದ್ರ ಕುಂಕುಮ ಚಿತ್ರದ ಸಂದ್ಯಾಗ ಕೂತು ಹೋಗಂಗಿಲ್ಲ. ಅದಕ್ಕ ಅತ್ತಿಯವ್ರು, ಅದಕ್ಕ ಹೂವಿನ ಹಾರ ಹಾಕು, ಬೊಟ್ಟು ಕರೀದಕ್ಕ ಇಡು ಅಂದಿದ್ರು. ಕರೀದು ಹೆಂಗಿದ್ರೂ ಸಾದಾ ಅದ ಅಂತ."

ಪೂಜೆಯ ಗುಟ್ಟು ಇಷ್ಟೇ. ಒಳ್ಳೆಯದನ್ನು ಉಳಿಸಲು ಸಾದಾದ್ದಕ್ಕೆ ಬೊಟ್ಟು. ಹೀಗೆ ಎರಡು ತಲೆಮಾರಿನ ಹೆಂಗಸರು ಬಹಳ ಜೋಪಾನದಿಂದ ಅವ್ವಲ್ ದರ್ಜೆಯನ್ನು ಕೆಡಿಸಿ, ಬಜಾರದ್ದನ್ನು ಕಾಪಾಡಿದ್ದರು.

ಗುರುಲಿಂಗಪ್ಪನವರಿಗೆ ಫೋನ್ ಮಾಡಿ ಹೇಳಿದೆ. ತುಸು ಖುಷಿಯಿಂದಲೇ ಹೇಳಿದೆ ಎಂದು ಒಪ್ಪಿಕೊಳ್ಳಬೇಕು. ಅವರು ಗಟ್ಟಿಯಾಗಿ ನಕ್ಕರು. "ಫೇಲ್! ನಾನ ಫೇಲ್ ಆದ್ನಿ ತಂಗಿ. ಒಂದ ಗುರುತು ಹಿಡದು ಕಥಿ ಕಟ್ಟಿಬಿಟ್ನಿ. ಅದು ಅವ್ವಲ್ ದರ್ಜಾ ಅನ್ನೂದು ಖರೆ. ಯಾರು ಕೊಟ್ರು ಅಂತ ನಾ ಹೇಳಬಾರದಿತ್ತು." ಫೋನ್ ಇಡುವ ಮೊದಲು, "ಇನ್ನೊಮ್ಮೆ ನೋಡ್ತೀನಿ" ಎಂದರು.

ಗಡುವಿಗೆ ಎರಡು ದಿನ ಇರುವಾಗ ಅವರಿಂದ ಫೋನ್ ಬಂತು. ಅಪ್ಪನನ್ನು ಕರೆದುಕೊಂಡು ಬರಬೇಕು. "ಬೈಯಾಕಾದ್ರೂ ಬರ್ಲಿ" ಎಂದರು. ಅಪ್ಪ ಬೈಯಲೆಂದೇ ಹೊರಟರು.

ಅಂಗಡಿಯಲ್ಲಿ ಕರಿ ಬಂದೂಕು ಜೋಡಿಸಿ ಸಿದ್ಧವಾಗಿತ್ತು. ಗುರುಲಿಂಗಪ್ಪನವರು ಅಪ್ಪನಿಗೆ, "ಹೆಗಲಿಗೆ ಹಚ್ರಿ" ಎಂದರು. ಒಳಗೆ ತೋಟಾ ಇಲ್ಲವೆಂದು ಮೊದಲು ಬಿಚ್ಚಿ ತೋರಿಸಿದರು. ಅಪ್ಪ ಬಲ ಹೆಗಲಿಗೆ ಹಚ್ಚಿ ಕೆನ್ನೆ ತಾಗಿಸಿದರು. ಕತ್ತು ತಿರುಚಿದರು. ಮತ್ತೆ ತಾಗಿಸಿದರು.

"ಕೂಡವಲ್ದು," ಎಂದರು.

"ಈಗ ಎಡ ಹೆಗಲಿಗೆ."

ಅಪ್ಪ ಬದಲಿಸಿದರು. ಬಂದೂಕು ಅವರ ಕೆನ್ನೆಗೆ ಕೈಯಿಟ್ಟಂತೆ ಕೂತಿತು. ಇದು ನನಗೆ ಖಂಡಿತ ನೆನಪಿದೆ. ಅಂದಿನ ಡೈರಿಯಲ್ಲಿಯೂ ಇದೆ.

ಗುರುಲಿಂಗಪ್ಪನವರು ಬಂದೂಕನ್ನು ತೆಗೆದುಕೊಂಡು, ಕುಂದಾ ಎಂದು ಅವರು ಕರೆಯುವ ಹಿಂದಿನ ಕಟ್ಟಿಗೆಯ ಭಾಗದ ಕಡೆಯಿಂದ ನಮಗೆ ಹಿಡಿದು ತೋರಿಸಿದರು. ನಳಿಗೆಯ ನೇರಕ್ಕೆ ಕಣ್ಣಿಟ್ಟರೆ, ಕುಂದಾ ಒಂದು ಬೆರಳಿನಷ್ಟು ಎಡಕ್ಕೆ ಹೊರಳಿತ್ತು.

"ನಾ ಕಬ್ಬಿಣದ ಮನಷ್ಯಾ. ಅವತ್ತು ಕಟ್ಟಿಗಿ ಮ್ಯಾಲ ಕಣ್ಣ ಹೋಗ್ಲಿಲ್ಲ. ಇದು ಆಮ್ಯಾಲ ಬಗ್ಗಿಸಿದ್ದಲ್ರಿ. ಕಟ್ಟಿಗಿಯೊಳಗ ಕೂತ ಕಬ್ಬಿಣದ ಬಾಲಾನೂ ಕೂಡೇ ಹೊರಳೇತಿ, ಸ್ಕ್ರೂ ಒಂದೂ ಅಲುಗಿಲ್ಲ. ಮೊದಲ ಹಿಂಗ ಮಾಡ್ಯಾರ. ಎಡಗೈ ಮನಷ್ಯಾಗ, ಅವನ ಕುತಗಿ, ಅವನ ತೋಳು ಅಳದು, ಹೇಳಿ ಮಾಡಿಸಿದ್ದು. ಬಜಾರದ್ದು ಎಲ್ಲಾರಿಗೂ ಹೊಂದತೈತ್ರಿ. ಅವ್ವಲ್ ದರ್ಜಾ ಒಬ್ಬಗ ಹೊಂದತೈತಿ."

"ನಮ್ಮಪ್ಪ ಎಡಚ ಅಲ್ಲ," ಎಂದರು ಅಪ್ಪ. ದನಿ ಸಣ್ಣದಾಗಿತ್ತು.

"ಅಲ್ಲಂದ್ರ ನಿಮ್ಮಪ್ಪಾರು ಮಾಡಿಸಿದ್ದಲ್ಲ. ಪೇಶಕಾರ್ರ ಪಗಾರದಾಗ ವಿಲಾಯತಿಗೆ ಅಳತಿ ಕಳಸಾಕ ಆಗೂದೂ ಇಲ್ಲ. ಇದು ಯಾರದೋ ಸ್ವಂತದ್ದು. ಇಷ್ಟ ನಾ ಹೇಳಾವ. ಮುಂದಿಂದು ಹೇಳಿ ಇನ್ನೊಮ್ಮೆ ಫೇಲ್ ಆಗೂದಿಲ್ಲ."

ಮುಂದಿನದನ್ನು ಹೇಳಬೇಕಾಗಿಯೂ ಇರಲಿಲ್ಲ. ಅಪ್ಪ ಬಂದೂಕನ್ನು ಮತ್ತೊಮ್ಮೆ ಬಲ ಹೆಗಲಿಗೆ ಹಚ್ಚಿ ಗೋಡೆಯ ಕ್ಯಾಲೆಂಡರಿಗೆ ಗುರಿಯಿಟ್ಟರು.

"ಈ ಹೆಗಲಿಗೆ ಹಚ್ಚಿ ಹೊಡದ್ರ ಗುಂಡು ಎತ್ತಾಗ ಹೋಗ್ತದ್ರಿ?"

"ಎಡಕ್ಕ," ಎಂದರು ಗುರುಲಿಂಗಪ್ಪನವರು.

ಅಪ್ಪ ಬಂದೂಕು ಇಳಿಸಿದರು. "ಹುಣಸೀಕಾಯಿ" ಎಂದರು. ಅಂಗಡಿಯಲ್ಲಿ ಅದು ನನ್ನೊಬ್ಬಳಿಗೇ ಅರ್ಥವಾಯಿತು. ಜನ್ಮವಿಡೀ ತನಗೆ ಹೊಂದದ ಬಂದೂಕನ್ನೇ ಅಜ್ಜ ಹೆಗಲಿಗೇರಿಸಿಕೊಂಡು ಹೋಗುತ್ತಿದ್ದರು, ಪಕ್ಕದಲ್ಲೇ ನೇರ ಹೊಡೆಯುವ ಜಿಂಕೆಯದನ್ನು ಮನೆಯಲ್ಲಿ ಬಿಟ್ಟು. ಜಾಗೀರದಾರರು ಗೌರವಕ್ಕೆ ಕೊಟ್ಟದ್ದಲ್ಲದಿದ್ದರೆ ಯಾರು ಹಾಗೆ ಒಯ್ಯುತ್ತಾರೆ?

ಮರುದಿನ ಅಪ್ಪ ಜಿಂಕೆ ಬಂದೂಕನ್ನು ಒಪ್ಪಿಸಿ ಬಂದರು. ಕಪಾಟಿನಲ್ಲಿ ಅದರ ಜಾಗಕ್ಕೆ ಕರಿಯದು ಬಂತು. ಚೀಟಿಯನ್ನು ಕತ್ತರಿಯಿಂದ ತೆಗೆದರು. ಆ ವಾರದೊಳಗೆ ಅಪ್ಪನಿಗೆ, ಜಾಗೀರದಾರರು ಎಡಗೈಯಿಂದ ಸಹಿ ಮಾಡುತ್ತಿದ್ದರೆಂದು ಅಜ್ಜ ಹೇಳಿದ್ದು ನೆನಪಾಯಿತು. ತಿಂಗಳೊಳಗೆ ಆ ಎಡಗೈಗೆ ಪಚ್ಚೆಯುಂಗುರ ಬಂತು. ಅದಕ್ಕೆ ಮೊದಲು ಈ ಮಾತನ್ನು ಅವರು ಎಂದೂ ಹೇಳಿರಲಿಲ್ಲ ಎಂದು ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಹೇಳಿದ್ದು ನಾನು ಮರೆತಿರಲೂಬಹುದು.

ಗುರುಲಿಂಗಪ್ಪನವರು ಕಡೆಯ ಸಲ ಮನೆಗೆ ಬಂದದ್ದು ಆ ಚಳಿಗಾಲ. ಅಪ್ಪನೇ ಕರೆದಿದ್ದರು. ಬಾಲಾನಗರದಿಂದ ಬಸ್ಸಿನಲ್ಲಿ ಬಂದರು. ಕರಿ ಬಂದೂಕನ್ನು ಎಣ್ಣೆಬಟ್ಟೆಯಿಂದ ಒರೆಸಿ, ಅವ್ವನಿಗೆ, "ಅಕ್ಕಾರ, ದಸರಾಕ್ಕ ಇದಕ್ಕ ಹಾರ, ಬೊಟ್ಟು ಇದರ ಕೆಳಗಿನ ಮಣಿಗೆ" ಎಂದು ತಾಕೀತು ಮಾಡಿದರು. ಹೊರಡುವಾಗ ಕಪಾಟಿನ ಬಾಗಿಲು ಜೋತಿರುವುದು ಕಣ್ಣಿಗೆ ಬಿತ್ತು. ಏಪ್ರನ್ ಇಲ್ಲದಿದ್ದರೂ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ಕೂತು ಎರಡೂ ತಿರುಗಣಿಗಳನ್ನು ಬಿಚ್ಚಿ ಮತ್ತೆ ಕೂರಿಸಿದರು. "ಕಪಾಟಕ್ಕೂ ಸಾಲು ಹಿಡಸ್ತೀರೇನ್ರಿ?" ಎಂದು ಅಪ್ಪ ನಕ್ಕರೆ, "ಕೈ ಕೇಳಬೇಕಲ್ರಿ" ಎಂದರು.

ಮುಂದಿನ ಬೇಸಿಗೆಯಲ್ಲಿ ಅಂಗಡಿಗೆ ಹೋದಾಗ ಹಿಂಬದಿಯ ಮೇಜಿನ ಮೇಲೆ ರಟ್ಟಿನ ಡಬ್ಬಿಗಳನ್ನು ಒಟ್ಟಿದ್ದರು. ಸಾಹೇಬರು, "ಉನೋ ಗುಜರ್ ಗಯೇ ನಾ, ಅಮ್ಮಾ" ಎಂದರು. ತೀರಿಹೋಗಿ ಎರಡು ತಿಂಗಳಾಗಿತ್ತಂತೆ. ಈಗ ಹಳೆಯ ಬಂದೂಕುಗಳನ್ನು ಯಾರು ನೋಡುತ್ತಾರೆ ಎಂದು ಕೇಳಿದೆ. ಹೆಸರು ನೋಡಿ ಬೆಲೆ ಹೇಳುತ್ತೇವೆ ಎಂದರು.

ಇದನ್ನು ಬರೆಯುತ್ತ, ಕಪಾಟಿನ ಆರು ಸ್ಕ್ರೂಗಳ ಕಚ್ಚುಗಳೂ ಒಂದೇ ಸಾಲಿನಲ್ಲಿ ನಿಂತಿವೆ ಎಂದು ಬರೆದೆ. ಬರೆದ ಮೇಲೆ ಅನುಮಾನವಾಯಿತು. ಎದ್ದು ಹೋಗಿ ನೋಡಿದೆ. ಐದು ನೇರವಾಗಿದ್ದವು. ಕೆಳಗಿನದೊಂದು ಓರೆ.

ಅಪ್ಪನನ್ನು ಕೇಳಿದರೆ, "ನಾ ಯಾಕ ಮುಟ್ಲಿ?" ಎಂದರು. ಅವ್ವನೂ ಮುಟ್ಟಿಲ್ಲ. ಬಾಗಿಲು ತೆಗೆದು ಹಾಕಿ ತಾನಾಗಿ ತಿರುಗಿತೋ, ಅಂದು ಬಸ್ಸಿಗೆ ಹೊತ್ತಾಯಿತೆಂದು ಅವರೇ ಬಿಟ್ಟು ಎದ್ದರೋ, ನಮ್ಮಲ್ಲಿ ಯಾರೋ ಕೈಹಾಕಿ ಮರೆತೆವೋ. ಸ್ಕ್ರೂಡ್ರೈವರ್ ತಂದು ಕಚ್ಚಿನಲ್ಲಿಟ್ಟೆ. ಕಾಲು ಸುತ್ತು ತಿರುಗಿಸಿದರೆ ಸಾಕಿತ್ತು. ಆದರೆ ಆಮೇಲೆ ನೋಡುವವರು ನನ್ನ ಕಾಲು ಸುತ್ತನ್ನೂ ಅವರದೇ ಕೈ ಎಂದುಕೊಂಡಾರು. ಹಾಗೇ ಬಿಟ್ಟು ಬಂದು, ಆರು ಎಂದು ಬರೆದದ್ದನ್ನು ತಿದ್ದಿದೆ.